ಕೊಸರು ಹನಿ

ಆ ಸೆಮಿಸ್ಟರಿನಲ್ಲಿ ನಮ್ಮ ಲ್ಯಾಬಿನ ಬ್ಯೂರೆಟ್‌ಗಳಲ್ಲಿ ನೆಟ್ಟಗೆ ಕೆಲಸ ಮಾಡುತ್ತಿದ್ದವು ಬೆರಳೆಣಿಕೆಯಷ್ಟು. ಹನಿ ಹನಿಯಾಗಿ ಅಳೆದು ಬಿಡುವ ಆ ಗಾಜಿನ ಕೊಳವೆಗಳಲ್ಲಿ ಕೆಲವಕ್ಕೆ ತುದಿ ಮುರಿದಿತ್ತು, ಇನ್ನು ಕೆಲವು ಎಷ್ಟು ಬಿಗಿಯಾಗಿ ತಿರುಗಿಸಿದರೂ ತೊಟ್ಟಿಕ್ಕುವುದನ್ನು ನಿಲ್ಲಿಸುತ್ತಿರಲಿಲ್ಲ. ರಸಾಯನಶಾಸ್ತ್ರಕ್ಕೆ ಇದ್ದವಳು ನಾನೊಬ್ಬಳೇ, ಅದೂ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಮಾಡುವುದು ಮನೆಮಂದಿಯೆಲ್ಲರ ಕೆಲಸ. ತುರುವೇಕೆರೆಯಲ್ಲಿ ಬೆಳಗಿನ ಬಸ್ಸು ಹತ್ತಿ ತಿಪಟೂರಿನಲ್ಲಿ ಇಳಿದರೆ ಸಂಜೆಯ ತನಕ ಒಂದು ತರಗತಿಯಿಂದ ಇನ್ನೊಂದಕ್ಕೆ ಓಡುವುದೇ ಆಗುತ್ತಿತ್ತು. ಮೊದಲ ಸೆಮಿಸ್ಟರಿನ ಬಿಎಸ್ಸಿ ಮಕ್ಕಳ ಪಕ್ಕ ನಿಂತು ಒಬ್ಬೊಬ್ಬರಿಗೂ ಕೈ ಹಿಡಿದು ಹೇಳಿಕೊಡಲು ನನಗೆ ಪುರಸೊತ್ತಾದರೂ ಎಲ್ಲಿತ್ತು?

ಹಾಗಾಗಿ ಆ ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಶುರು ಮಾಡಿದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಊಟದ ಡಬ್ಬಿ ಮುಚ್ಚಿದ ಮೇಲೆ ಲ್ಯಾಬಿನ ಹಿಂದಿನ ಜಗಲಿಯಲ್ಲಿ ಏಳೆಂಟು ಜನ ಸುತ್ತ ಕೂರುತ್ತಿದ್ದರು. ಯಜಮಾನಿಕೆ ಊರಿನ ಕೊಬ್ಬರಿ ಮಂಡಿಯವರ ಮಗಳದು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು, ಬಾಯಿ ಜೋರು, ಮನಸ್ಸು ಮಾತ್ರ ಬೆಣ್ಣೆ. ಅವಳನ್ನು ಇಲ್ಲಿ ಮಂಡಿ ಹುಡುಗಿ ಎನ್ನುತ್ತೇನೆ. ಅವಳ ಪಕ್ಕಕ್ಕೇ ಅಂಟಿಕೊಂಡು ಕೂರುತ್ತಿದ್ದವಳು ಹುಳಿಯಾರಿನ ಆಚೆಯ ಒಂದು ಹಟ್ಟಿಯ ಹುಡುಗಿ. ಮನೆಯವರದು ಕುರಿ ಸಾಕಣೆ. ಪಿಯುಸಿವರೆಗೂ ಕನ್ನಡದಲ್ಲೇ ಓದಿ, ಈಗ ಇಂಗ್ಲಿಷ್ ಪುಸ್ತಕ ಎದುರಿಟ್ಟುಕೊಂಡು ಒಂದೊಂದು ಪದದ ಮೇಲೂ ಬೆರಳಿಟ್ಟು ಓದುತ್ತಿದ್ದಳು. ಮುಂದೆ ಬಿ.ಎಡ್ ಮಾಡಿ ವಿಜ್ಞಾನದ ಟೀಚರ್ ಆಗಬೇಕೆಂಬುದು ಅವಳ ಆಸೆ. ಅದನ್ನು ಕೇಳಿದವರಿಗೆಲ್ಲ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು.

ಅವಳು ಓದುತ್ತಿದ್ದುದು ಹಾಸ್ಟೆಲಿನಲ್ಲಿದ್ದುಕೊಂಡು. ಹಟ್ಟಿಯಿಂದ ದಿನಾ ಬಂದು ಹೋಗುವುದು ಆಗದ ಮಾತು. ಮಧ್ಯಾಹ್ನದ ಲ್ಯಾಬು ಮುಗಿಸಿ ಹೊರಟರೆ ಹುಳಿಯಾರು ಸೇರುವ ಹೊತ್ತಿಗೆ ಆ ಕಡೆಗೆ ಹೋಗುವ ಕೊನೆಯ ಬಸ್ಸು ಹೋಗಿರುತ್ತಿತ್ತು. ಮುಂದಿನ ಸೆಮಿಸ್ಟರಿಗೆ ಎಲ್ಲ ವಿಷಯದಲ್ಲೂ ಪಾಸಾದವರಿಗೆ ಹಾಸ್ಟೆಲ್ ಸೀಟು ಮೊದಲು, ಉಳಿದರೆ ಮಿಕ್ಕವರಿಗೆ ಎಂದು ವಾರ್ಡನ್ ಸೇರಿಸಿಕೊಳ್ಳುವಾಗಲೇ ಹೇಳಿದ್ದರಂತೆ. ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಅಂದರೆ ಅವಳು ಫೇಲಾದರೆ ಬರೀ ಒಂದು ಪೇಪರು ಹೋಗುವುದಲ್ಲ, ಕಾಲೇಜೇ ಹೋದಂತೆ.

ಮೋಲ್ ಎಂಬ ಲೆಕ್ಕ ಮೊದಲ ವರ್ಷದವರ ತಲೆ ತಿನ್ನುವಂಥದ್ದು. ನಾನು ಬೋರ್ಡಿನ ಮೇಲೆ ಎರಡು ದಿನ ಬರೆದು ಒರೆಸಿ ಕೈ ಸೋತಿದ್ದೆ. ಮಂಡಿ ಹುಡುಗಿ ಅದನ್ನು ಜಗಲಿಯಲ್ಲಿ ಕೂತು ಬಿಡಿಸಿದ್ದನ್ನು ಕಿಟಕಿಯ ಈಚೆಯಿಂದ ನಾನೇ ಕೇಳಿದ್ದೇನೆ.

“ಲೇ, ನೂರು ದಪ್ಪ ಕಾಯಿ, ನೂರು ಸಣ್ಣ ಕಾಯಿ. ಎಣಿಕೆ ಒಂದೇ ತಾನೆ? ತಕ್ಕಡೀಗ್ ಹಾಕಿದ್ರೆ ತೂಕ ಒಂದೇ ಬತ್ತದಾ?”

“ಹೆಂಗ್ ಬತ್ತದೆ? ದಪ್ಪದ್ದು ಜಾಸ್ತಿ ತೂಗ್ತದೆ.”

“ಅಷ್ಟೇ ಕಣೇ. ಮೋಲು ಅಂದ್ರೆ ಎಣಿಕೆ. ಕಾರ್ಬನ್ ಸಣ್ಣ ಕಾಯಿ, ಸೋಡಿಯಂ ದಪ್ಪ ಕಾಯಿ.”

ಹಟ್ಟಿ ಹುಡುಗಿ “ಓ” ಎಂದಳು. ಆ “ಓ” ಕೇಳಲು ನಾನು ಎಷ್ಟು ಬೆವರು ಸುರಿಸಿದ್ದೆನೆಂದರೆ, ಸ್ವಲ್ಪ ಹೊಟ್ಟೆ ಉರಿಯಿತು ಎಂದೇ ಹೇಳಬೇಕು. ಆದರೆ ಅದಾದ ಮೇಲೆ ಅವಳ ಲೆಕ್ಕ ಸರಿಬರತೊಡಗಿತು. ಕಿರುಪರೀಕ್ಷೆಯಲ್ಲಿ ಮೊದಲ ಬಾರಿ ಪಾಸಾದಳು. ನಾನು ಆ ಗುಂಪನ್ನು ಅದರ ಪಾಡಿಗೆ ಬಿಟ್ಟೆ, ಬರಬರುತ್ತಾ ಲ್ಯಾಬಿನಲ್ಲೂ ಬಿಟ್ಟೆ. ಒಂದು ಬ್ಯೂರೆಟ್ಟಿಗೆ ನಾಲ್ಕೈದು ಜನ. ಮಂಡಿ ಹುಡುಗಿ ಮಾಡಿ ತೋರಿಸುವುದು, ಮಿಕ್ಕವರು ನೋಡಿ ಮಾಡುವುದು.

ಮಾಡಬೇಕಾದ್ದು ಇಷ್ಟೇ. ಬ್ಯೂರೆಟ್ಟಿನಲ್ಲಿ ಸೋಡಿಯಂ ಹೈಡ್ರಾಕ್ಸೈಡ್, ಕೆಳಗಿನ ಫ್ಲಾಸ್ಕಿನಲ್ಲಿ ಪಿಪೆಟ್ಟಿನಿಂದ ಅಳೆದು ಹಾಕಿದ ಆಸಿಡ್, ಅದಕ್ಕೆ ಬಣ್ಣ ತೋರಿಸುವ ಫಿನಾಲ್ಫ್ತಲೀನ್ ಎರಡು ಹನಿ. ಮೇಲಿನಿಂದ ಹನಿ ಹನಿಯಾಗಿ ಬಿಡುತ್ತಾ ಫ್ಲಾಸ್ಕನ್ನು ಆಡಿಸುತ್ತಿರಬೇಕು. ಇದೆಯೋ ಇಲ್ಲವೋ ಎನ್ನುವಂಥ ತೆಳು ಗುಲಾಬಿ ಬಣ್ಣ ಬಂದು ಅರ್ಧ ನಿಮಿಷ ನಿಂತರೆ ಮುಗಿಯಿತು, ಅಲ್ಲಿಗೆ ನಿಲ್ಲಿಸಬೇಕು. ಅಭ್ಯಾಸದಲ್ಲಿ ಇದನ್ನೇ ಎರಡು ಬಾರಿ ಮಾಡುತ್ತಾರೆ. ಮೊದಲು ಗೊತ್ತಿರುವ ಆಸಿಡ್ಡಿನಿಂದ ಹೈಡ್ರಾಕ್ಸೈಡಿನ ಸಾಮರ್ಥ್ಯ ಕಂಡುಹಿಡಿಯುವುದು, ಆಮೇಲೆ ಆ ಹೈಡ್ರಾಕ್ಸೈಡಿನಿಂದ ಗೊತ್ತಿಲ್ಲದ ಆಸಿಡ್ಡನ್ನು ಅಳೆಯುವುದು. ಗುಂಪಿನ ಉತ್ತರಗಳು ಸೆಮಿಸ್ಟರ್ ಪೂರ್ತಿ ಸರಿಯಾಗಿಯೇ ಬಂದವು. ನಾನು ರೆಕಾರ್ಡುಗಳಿಗೆ ಸಹಿ ಹಾಕುತ್ತಾ ಹೋದೆ.

ಪ್ರಾಕ್ಟಿಕಲ್ ಪರೀಕ್ಷೆಗೆ ವಾರವಿದೆ ಎನ್ನುವಾಗ ಮಾದರಿ ಪರೀಕ್ಷೆ ಇಟ್ಟೆ. ನಿಜವಾದ ಪರೀಕ್ಷೆಯಲ್ಲಿ ಸಮಯ ಕಡಿಮೆ ಇರುವುದರಿಂದ ಹೈಡ್ರಾಕ್ಸೈಡಿನ ಸಾಮರ್ಥ್ಯವನ್ನು ಬೋರ್ಡಿನ ಮೇಲೆಯೇ ಬರೆದುಕೊಡುತ್ತಾರೆ, ಮಕ್ಕಳು ಎರಡನೆಯ ಭಾಗವನ್ನಷ್ಟೇ ಮಾಡುತ್ತಾರೆ. ಅದೇ ರೀತಿ ನಾನೂ ಬರೆದುಕೊಟ್ಟೆ. ಗುಂಪಿನ ಒಬ್ಬೊಬ್ಬರ ಉತ್ತರವೂ ಇರಬೇಕಾದ್ದಕ್ಕಿಂತ ಜಾಸ್ತಿ ಬಂತು. ಒಬ್ಬಿಬ್ಬರದಾಗಿದ್ದರೆ ಕೈ ತಪ್ಪು ಎನ್ನಬಹುದಿತ್ತು. ಎಲ್ಲರದೂ ಹೆಚ್ಚುಕಡಿಮೆ ಅಷ್ಟಷ್ಟೇ ಜಾಸ್ತಿ.

ಮೊದಲು ಅನುಮಾನ ಹೋದದ್ದು ಹೈಡ್ರಾಕ್ಸೈಡಿನ ಮೇಲೆ. ಅದು ಗಾಳಿಯನ್ನು ಕುಡಿದು ಬಲ ಕಳೆದುಕೊಳ್ಳುವ ಪದಾರ್ಥ. ಇದ್ದದ್ದನ್ನು ಚೆಲ್ಲಿ ಹೊಸದಾಗಿ ಕರಗಿಸಿ, ನಾನೇ ಅದರ ಸಾಮರ್ಥ್ಯ ನೋಡಿ ಬೋರ್ಡಿನ ಮೇಲೆ ಬರೆದೆ. ಮತ್ತೆ ಮಾಡಿಸಿದೆ. ಮತ್ತೆ ಜಾಸ್ತಿ. ಆಮೇಲೆ ನೀರನ್ನು ಬೈದೆ. ನಮ್ಮ ಡಿಸ್ಟಿಲ್ಡ್ ವಾಟರಿನ ಯಂತ್ರ ಕೆಟ್ಟು, ಅಟೆಂಡರು ಅಂಗಡಿಯಿಂದ ಬ್ಯಾಟರಿ ನೀರು ತಂದಿದ್ದರು. ಬೇರೆ ಅಂಗಡಿಯಿಂದ ತರಿಸಿದೆ. “ನೀರು ನೀರೇ ಕಣ್ರೀ ಮೇಡಂ” ಎಂದು ಅವರು ಗೊಣಗಿದರು. ಮತ್ತೆ ಜಾಸ್ತಿ. ಅದೇ ಬ್ಯೂರೆಟ್, ಅದೇ ನೀರು, ಅದೇ ಆಸಿಡ್ ಇಟ್ಟುಕೊಂಡು ನಾನು ಮಾಡಿದರೆ ಸರಿ ಬರುತ್ತಿತ್ತು. ತಲೆ ಕೆಟ್ಟುಹೋಯಿತು.

ಕೊನೆಗೆ ಮಂಡಿ ಹುಡುಗಿಯ ಹಿಂದೆ ಹೋಗಿ ಸುಮ್ಮನೆ ನಿಂತೆ. ಹನಿ ಬಿಟ್ಟಳು, ಆಡಿಸಿದಳು. ಕೈ ಚೆನ್ನಾಗಿ ಪಳಗಿತ್ತು. ತೆಳು ಗುಲಾಬಿ ಬಂತು, ನಿಂತಿತು. ಸರಿ, ಇನ್ನು ರೀಡಿಂಗ್ ನೋಡುತ್ತಾಳೆ ಎಂದುಕೊಂಡೆ. ಅವಳು ತಲೆಯಾಡಿಸಿ, ಟಪ್ ಟಪ್ ಎಂದು ಇನ್ನೂ ನಾಲ್ಕೈದು ಹನಿ ಬಿಟ್ಟಳು. ಫ್ಲಾಸ್ಕು ದಾಸವಾಳದ ಬಣ್ಣಕ್ಕೆ ತಿರುಗಿತು. ಆಮೇಲೆ ನೆಮ್ಮದಿಯಾಗಿ ರೀಡಿಂಗ್ ಬರೆದುಕೊಂಡಳು.

“ಅದ್ಯಾಕಮ್ಮಾ ಮೇಲಿಂದ ಹಾಕಿದ್ದು?”

“ಕೊಸರು ಮೇಡಂ.”

“ಏನು?”

“ಕೊಸರು. ಎಣಿಕೆ ಮುಗಿದ ಮೇಲೆ ಕೊಸರು ಹಾಕ್ಬೇಕಲ್ವಾ? ಇಲ್ದಿದ್ರೆ ಬಣ್ಣ ಹೊರಟೋಗ್ತದೆ.”

ನಮ್ಮ ಕಡೆ ತೆಂಗಿನಕಾಯಿ ಎಣಿಸುವಾಗ ನೂರು ತುಂಬಿದ ಮೇಲೆ ಒಂದಿಷ್ಟು ಕಾಯಿ ಮೇಲಕ್ಕೆ ಹಾಕುತ್ತಾರೆ. ಒಂದೋ ಎರಡೋ ಕೆಟ್ಟಿದ್ದರೆ ಕೊಂಡವನಿಗೆ ಲುಕ್ಸಾನಾಗಬಾರದು ಎಂದು. ಕೊಸರು ಬೀಳದೆ ಎಣಿಕೆ ಮುಗಿಯಿತೆಂದು ಯಾರೂ ಒಪ್ಪುವುದಿಲ್ಲ. ಆ ಹುಡುಗಿ ಕಣ್ಣು ಬಿಟ್ಟಾಗಿನಿಂದ ನೋಡಿದ್ದು ಅದನ್ನೇ. ಎಲ್ಲರಿಗೂ ಹೇಳಿಕೊಟ್ಟದ್ದೂ ಅದನ್ನೇ. ತೆಂಗಿನ ಸೀಮೆಯ ಮಕ್ಕಳಾದ್ದರಿಂದ ಗುಂಪಿನಲ್ಲಿ ಒಬ್ಬರೂ ಯಾಕೆ ಎಂದು ಕೇಳಿರಲಿಲ್ಲ. ಕೊಸರು ಎಂದರೆ ಸಾಕು, ಎಲ್ಲರಿಗೂ ಅರ್ಥವಾಗಿತ್ತು. ಎರಡು ಭಾಗವನ್ನೂ ತಾವೇ ಮಾಡುವಾಗ ಎರಡರಲ್ಲೂ ಒಂದೇ ಅಳತೆಯ ಕೊಸರು ಬೀಳುತ್ತಿತ್ತು. ಒಂದರ ತಪ್ಪನ್ನು ಇನ್ನೊಂದರ ತಪ್ಪು ನುಂಗಿ ಉತ್ತರ ಸರಿ ಬರುತ್ತಿತ್ತು. ಸಾಮರ್ಥ್ಯವನ್ನು ನಾನು ಬರೆದುಕೊಟ್ಟ ದಿನ ಅದು ಬಯಲಿಗೆ ಬಿತ್ತು.

ಮೊದಲು ನಗು ಬಂತು. ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದೆ. ಇರುವುದು ನಾಲ್ಕೇ ದಿನ.

ಎಲ್ಲರನ್ನೂ ಕೂರಿಸಿ ವಿಷಯ ಹೇಳಿದೆ. ಮಂಡಿ ಹುಡುಗಿಯ ಮುಖ ಇಂಗು ತಿಂದ ಮಂಗನಂತಾಯಿತು. ಅರಳಗುಪ್ಪೆಯ ಒಬ್ಬ ಹುಡುಗ, ಯಾವುದಕ್ಕೂ ತಲೆ ಕೆಡಿಸಿಕೊಳ್ಳದವನು, ಕೈ ಎತ್ತಿದ.

“ಮೇಡಂ, ಹಿಂಗೇ ಮಾಡಿದ್ರೆ ಎಷ್ಟು ಮಾರ್ಕ್ಸ್ ಹೋಯ್ತದೆ?”

“ಉತ್ತರ ನಿಖರವಾಗಿದ್ರೆ ಕೊಡೋ ಮಾರ್ಕ್ಸ್ ಹೋಗುತ್ತೆ.”

“ಮಿಕ್ಕಿದ್ದು ಬತ್ತದಲ್ಲ? ಪಾಸಾಯ್ತೀವಲ್ಲ? ಬುಡಿ ಮೇಡಂ, ಈಗ ಕೈ ಬದಲಾಯಿಸೋಕೆ ಹೋದ್ರೆ ಎಡವಟ್ಟಾಯ್ತದೆ.”

ಅವನಿಗೆ ಚೆನ್ನಾಗಿ ಗದರಿದೆ. ತಪ್ಪು ಎಂದು ಗೊತ್ತಾದ ಮೇಲೂ ತಪ್ಪನ್ನೇ ಮಾಡಿ ಬನ್ನಿ ಎಂದು ಯಾವ ಮೇಷ್ಟ್ರು ಹೇಳಿಯಾರು? ಆದರೆ ಅವನು ಹೇಳಿದ್ದು ಆ ಸಂಜೆ ಬಸ್ಸಿನಲ್ಲಿ ಇಡೀ ದಾರಿ ನನ್ನನ್ನು ಕೊರೆಯಿತು. ಕೊಸರು ಹಾಕಿದರೂ ಹಟ್ಟಿ ಹುಡುಗಿ ಲೆಕ್ಕ ಮುಗಿಸುತ್ತಾಳೆ, ಅಂಚಿನಲ್ಲಾದರೂ ಪಾಸಾಗುತ್ತಾಳೆ. ತಿದ್ದಿದರೆ ಒಳ್ಳೆಯ ಅಂಕವೇ ಬರಬಹುದು. ಅವಳಿಗೆ ಥಿಯರಿಯಲ್ಲಿ ಭಯವಿತ್ತು, ಇಲ್ಲಿ ಬಂದ ಅಂಕ ಅವಳಿಗೆ ಧೈರ್ಯ ಕೊಡುತ್ತದೆ ಎಂದುಕೊಂಡೆ. ತುರುವೇಕೆರೆಯಲ್ಲಿ ಇಳಿಯುವಾಗ ತೀರ್ಮಾನ ಮಾಡಿದ್ದೆ. ತಿದ್ದುವುದು.

ಮಾರನೆಯ ದಿನದಿಂದ ಲ್ಯಾಬನ್ನು ಬೆಳಿಗ್ಗೆಯೇ ತೆಗೆಸಿದೆ. ತಾನೇ ಕಲಿಸಿದ್ದನ್ನು ತಾನೇ ಮರೆಸುತ್ತೇನೆಂದು ಮಂಡಿ ಹುಡುಗಿ ಹಟ ಹಿಡಿದು ನಿಂತಳು. ಒಬ್ಬೊಬ್ಬರ ಪಕ್ಕ ನಿಂತು ಬಣ್ಣ ಬಂದ ಕೂಡಲೇ “ಸಾಕು! ನಿಲ್ಸು! ಕೊಸರು ಬೇಡ ಕಣೇ!” ಎಂದು ಕೂಗುವುದು. ಬಹಳ ಜನಕ್ಕೆ ಒಂದು ದಿನದಲ್ಲೇ ಬಂತು. ಅರಳಗುಪ್ಪೆಯವನು ನಮ್ಮ ಎದುರು ನಿಲ್ಲಿಸುತ್ತಿದ್ದ, ನಾವು ತಿರುಗಿದರೆ ಎರಡು ಹನಿ ಬಿಡುತ್ತಿದ್ದ. ತೊಂದರೆಯಾದದ್ದು ಹಟ್ಟಿ ಹುಡುಗಿಗೆ. ಅವಳು ಸರಿಯಾಗಿ ನಿಲ್ಲಿಸುತ್ತಿದ್ದಳು, ಆದರೆ ನಿಲ್ಲಿಸಿದ್ದನ್ನು ನಂಬುತ್ತಿರಲಿಲ್ಲ.

“ಇಷ್ಟು ತೆಳು ಬಣ್ಣ ಸಾಕಾ ಮೇಡಂ?”

“ಸಾಕು.”

“ಕಾಣಾದೇ ಇಲ್ವಲ್ಲ.”

“ಕೆಳಗೆ ಬಿಳಿ ಹಾಳೆ ಇಟ್ಟು ನೋಡು. ಕಾಣುತ್ತೆ. ಅರ್ಧ ನಿಮಿಷ ನಿಂತರೆ ಮುಗೀತು. ಆಮೇಲೆ ಗಾಳಿ ಸೇರಿ ಹೋಗುತ್ತೆ, ಹೋದರೆ ಹೋಗಲಿ.”

“ಹೋದ್ರೆ ಹೋಗ್ಲಿ” ಎಂದು ಅವಳೂ ಹೇಳಿಕೊಂಡಳು. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಕರಗಿ ಬಣ್ಣ ಹೋಗುತ್ತದೆ ಎಂಬುದನ್ನು ಇಂಗ್ಲಿಷಿನಲ್ಲೂ ಬಾಯಿಪಾಠ ಮಾಡಿ ಒಪ್ಪಿಸಿದಳು. ಕೊನೆಯ ದಿನ ಅವಳ ಉತ್ತರ ಎಲ್ಲರಿಗಿಂತ ನಿಖರವಾಗಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ಮಂಡಿ ಹುಡುಗಿಯ ಕೈಯಲ್ಲಿ ಎಲ್ಲರಿಗೂ ಬೇಕರಿಯಿಂದ ಬನ್ನು ತರಿಸಿದೆ.

ಪರೀಕ್ಷೆಯ ದಿನ ಒಳಗಿನ ಪರೀಕ್ಷಕಿ ನಾನೇ. ಹೊರಗಿನಿಂದ ಬಂದವರು ಬೇರೆ ಊರಿನ ಒಬ್ಬ ಹಿರಿಯ ಮೇಷ್ಟ್ರು. ಕೆಟ್ಟ ಮನುಷ್ಯರಲ್ಲ, ನಿಯಮ ಎಂದರೆ ನಿಯಮ. ಮಕ್ಕಳಿಗೆ ನಾನು ಒಂದು ಮಾತೂ ಹೇಳಕೂಡದು. ಅಳೆದ ಆಸಿಡ್ ಇದ್ದ ಫ್ಲಾಸ್ಕನ್ನು ಒಬ್ಬೊಬ್ಬರಿಗೂ ಕೊಟ್ಟೆವು. ಅದಕ್ಕೆ ಗೆರೆಯವರೆಗೆ ನೀರು ತುಂಬಿ, ಅದರಿಂದ ಪಿಪೆಟ್ಟಿನಲ್ಲಿ ಬೇರೆ ಫ್ಲಾಸ್ಕಿಗೆ ತೆಗೆದು ಅಳೆಯಬೇಕು. ಮುಗಿದರೆ ಮತ್ತೆ ಕೊಡುವುದಿಲ್ಲ.

ಹಟ್ಟಿ ಹುಡುಗಿ ಚೆನ್ನಾಗಿ ಶುರು ಮಾಡಿದಳು. ಬ್ಯೂರೆಟ್ ತೊಳೆದಳು, ಗುಳ್ಳೆ ತೆಗೆದಳು, ಹನಿ ಹನಿಯಾಗಿ ಬಿಟ್ಟಳು. ಬಣ್ಣ ಬಂತು, ನಿಲ್ಲಿಸಿದಳು. ಮನಸ್ಸಿನಲ್ಲೇ ಎಣಿಸಿ, ರೀಡಿಂಗ್ ಬರೆದಳು. ನಾನು ದೂರದಿಂದಲೇ ಅವಳ ಬ್ಯೂರೆಟ್ ನೋಡಿದೆ. ಎಲ್ಲಿ ನಿಲ್ಲಬೇಕಿತ್ತೋ ಅಲ್ಲಿಯೇ ನಿಂತಿತ್ತು.

ಅವಳು ಆ ಫ್ಲಾಸ್ಕನ್ನು ಪಕ್ಕಕ್ಕಿಟ್ಟು ಎರಡನೆಯದಕ್ಕೆ ಆಸಿಡ್ ತೆಗೆದುಕೊಂಡಳು. ಬಣ್ಣ ಹೋಲಿಸಿ ನೋಡಲೆಂದು ಪಕ್ಕಕ್ಕೆ ತಿರುಗಿದಾಗ ಮೊದಲನೆಯ ಫ್ಲಾಸ್ಕು ನೀರಿನಂತೆ ತಿಳಿಯಾಗಿತ್ತು. ಹೋಗಬೇಕಾದ ಬಣ್ಣ ಹೋಗಿತ್ತು, ಅಷ್ಟೆ. ಅವಳು ಅದನ್ನೇ ನೋಡುತ್ತಾ ನಿಂತಳು. ಹಿಂದಿನ ಬೆಂಚಿನಲ್ಲಿ ಅರಳಗುಪ್ಪೆಯವನ ಫ್ಲಾಸ್ಕು ಕೊಸರು ಬಿದ್ದು ಕೆಂಪಗೆ ಹೊಳೆಯುತ್ತಿತ್ತು. ಅವಳು ಅದನ್ನು ನೋಡಿದಳು, ತನ್ನದನ್ನು ನೋಡಿದಳು. ಪೆನ್ನು ತೆಗೆದುಕೊಂಡು ಬರೆದಿದ್ದ ರೀಡಿಂಗನ್ನು ಹೊಡೆದುಹಾಕಿದಳು.

ನನ್ನ ಬಾಯಿಯ ತನಕ ಮಾತು ಬಂದಿತ್ತು. ಎದುರಿನ ಸಾಲಿನಿಂದ ಮಂಡಿ ಹುಡುಗಿ ಕಣ್ಣಲ್ಲೇ ಏನೋ ಹೇಳಲು ಹೊರಟಳು. “ಏನಮ್ಮಾ ಅದು? ನಿನ್ನ ಕೆಲಸ ನೋಡ್ಕೋ” ಎಂದರು ಹೊರಗಿನವರು. ಅವಳು ತಲೆ ತಗ್ಗಿಸಿದಳು. “ಎಲ್ಲರೂ ಟೈಮ್ ನೋಡ್ಕೊಳ್ಳಿ” ಎಂದು ನಾನು ಗಟ್ಟಿಯಾಗಿ ಹೇಳಿದೆ. ಅಷ್ಟು ಹೇಳಲು ನನಗೆ ಹಕ್ಕಿತ್ತು. ಅದರಿಂದ ಅವಳು ಇನ್ನಷ್ಟು ಗಾಬರಿಯಾದಳು.

ಎರಡನೆಯದರಲ್ಲಿ ಬಣ್ಣ ಬಂದ ಮೇಲೆ ಕಾದು ಕಾದು ನೋಡಿದಳು. ಹೋಯಿತು. ಒಂದು ಹನಿ ಹಾಕಿದಳು, ಬಂತು, ಮತ್ತೆ ಹೋಯಿತು. ಇನ್ನೊಂದು ಹನಿ. ಕೊನೆಗೆ ಕೈ ತಡೆಯದೆ ಬಿಟ್ಟುಬಿಟ್ಟಳು, ದಾಸವಾಳದ ಬಣ್ಣವಾಯಿತು. ಅದು ತಪ್ಪೆಂಬುದು ಅವಳಿಗೆ ಗೊತ್ತಿತ್ತು. ಅದನ್ನೂ ಹೊಡೆದುಹಾಕಿದಳು. ಮೂರನೆಯದು, ನಾಲ್ಕನೆಯದು, ಲೆಕ್ಕಕ್ಕೆ ಬೇಕಾದ, ಒಂದಕ್ಕೊಂದು ಹೊಂದುವ ಎರಡು ರೀಡಿಂಗು ಸಿಗಲೇ ಇಲ್ಲ. ಆಸಿಡ್ ಮುಗಿಯಿತು.

“ಸಾ, ಇನ್ ಸ್ವಲ್ಪ ಕೊಡ್ತೀರಾ?”

“ಒಂದೇ ಸಲ ಕೊಡೋದು ಕಣಮ್ಮಾ.”

ಬೆಲ್ಲು ಹೊಡೆದಾಗ ಅವಳ ಹಾಳೆಯಲ್ಲಿ ಕಾಟು ಹೊಡೆದ ಅಂಕಿಗಳಿದ್ದವು, ಲೆಕ್ಕ ಇರಲಿಲ್ಲ. ಮೌಖಿಕ ಪರೀಕ್ಷೆಗೆ ಬಂದು ನಿಂತವಳನ್ನು ಹೊರಗಿನವರು ಮೆತ್ತಗೇ ಕೇಳಿದರು.

“ಯಾಕಮ್ಮಾ ಎಲ್ಲ ಹೊಡೆದುಹಾಕಿದ್ದೀಯ?”

“ಬಣ್ಣ ಹೊರಟೋಯ್ತು ಸಾ.”

“ಅದು ಗಾಳಿ ಸೇರಿದ್ರೆ ಹೋಗುತ್ತೆ.”

“ಗೊತ್ತು ಸಾ.”

“ಗೊತ್ತಿದ್ದೂ ಹೊಡೆದುಹಾಕಿದ್ಯಾ?”

ಅವಳು ಹಾಳೆಯ ಮೇಲಿನ ಕಾಟುಗಳ ಮೇಲೆ ಬೆರಳಾಡಿಸಿದಳು. ಮುಂದಿನ ಯಾವ ಪ್ರಶ್ನೆಗೂ ಉತ್ತರ ಕೊಡದೆ ಮೌಖಿಕದ ಅಂಕವನ್ನೂ ಕಳೆದುಕೊಂಡಳು.

ಮಕ್ಕಳೆಲ್ಲ ಹೋದ ಮೇಲೆ ಅವಳು ಹೊಡೆದುಹಾಕಿದ್ದ ಮೊದಲ ರೀಡಿಂಗಿನಿಂದ ನಾನೇ ಲೆಕ್ಕ ಮಾಡಿದೆ. ಸರಿಯಾದ ಉತ್ತರಕ್ಕೆ ಕೂದಲೆಳೆಯಷ್ಟು ಹತ್ತಿರವಿತ್ತು. ಅದನ್ನು ಹೊರಗಿನವರ ಮುಂದೆ ಹಿಡಿದೆ.

“ಸರ್, ಇದನ್ನ ಲೆಕ್ಕಕ್ಕೆ ತಗೊಳ್ಳೋಣ.”

ಅವರು ಕನ್ನಡಕ ತೆಗೆದು ಹಾಳೆಯನ್ನು ನೋಡಿದರು. “ಅವಳೇ ಬೇಡ ಅಂತ ಹೊಡೆದುಹಾಕಿದ್ದನ್ನ ನಾವು ಹೇಗೆ ತಗೊಳ್ಳೋದು ಮೇಡಂ? ನೀವೇ ಹೇಳಿ.”

ಹಾಳೆಯನ್ನು ಮಿಕ್ಕವುಗಳ ಜೊತೆ ಸೇರಿಸಿದೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ನನ್ನ ಸಿಟ್ಟು. ಯಾರನ್ನಾದರೂ ಬೈಯಲು ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಫಲಿತಾಂಶ ಬಂತು. ಮಂಡಿ ಹುಡುಗಿಗೆ ಪ್ರಾಕ್ಟಿಕಲ್ಲಿನಲ್ಲಿ ತರಗತಿಗೇ ಹೆಚ್ಚು ಅಂಕ. ಅರಳಗುಪ್ಪೆಯವನು ಕೊಸರು ಹಾಕಿಯೇ ಪಾಸಾದ. ಗುಂಪಿನಲ್ಲಿ ಎಲ್ಲರೂ ಪಾಸು, ಒಬ್ಬಳನ್ನು ಬಿಟ್ಟು. ಹಟ್ಟಿ ಹುಡುಗಿ ತಾನು ಹೆದರಿದ್ದ ಥಿಯರಿಯಲ್ಲಿ ದಾಟಿಕೊಂಡಿದ್ದಳು. ಹೋದದ್ದು ಪ್ರಾಕ್ಟಿಕಲ್. ಹಾಸ್ಟೆಲಿನವರು ಹೇಳಿದ್ದ ಮಾತಿನಂತೆ ನಡೆದುಕೊಂಡರು. ನಾನು ವಾರ್ಡನ್ನರ ಹತ್ತಿರ ಹೋಗಿ ಕೇಳಿಕೊಂಡೆ. ಅವರು ಕಾಯುತ್ತಿದ್ದ ಮಕ್ಕಳನ್ನು ತೋರಿಸಿದರು. ಅವರೂ ಇಂಥದೇ ದೂರದ ಊರಿನವರು.

ಅವಳ ಕೈಯನ್ನು ನಾವು ತಿದ್ದದೇ ಹೋಗಿದ್ದರೆ ಅವಳು ತಪ್ಪು ಉತ್ತರ ಬರೆದು ಪಾಸಾಗುತ್ತಿದ್ದಳು. ಇದನ್ನು ಎಷ್ಟು ಕಡೆಯಿಂದ ತಿರುಗಿಸಿ ನೋಡಿದರೂ ಅಷ್ಟೇ ಉಳಿಯುತ್ತದೆ. ಸರಿಯಾದದ್ದನ್ನು ಹೇಳಿಕೊಟ್ಟದ್ದಕ್ಕೆ ಪಶ್ಚಾತ್ತಾಪ ಪಡಲು ನನಗೆ ಬರುವುದಿಲ್ಲ, ಆದರೆ ಸಮಾಧಾನ ಪಡಲೂ ಬಂದಿಲ್ಲ.

ಮಂಡಿ ಹುಡುಗಿ ತಮ್ಮ ಮನೆಯಲ್ಲೇ ಅವಳನ್ನು ಇಟ್ಟುಕೊಳ್ಳೋಣವೆಂದು ಮನೆಯಲ್ಲಿ ಕೇಳಿದಳಂತೆ. ಮನೆಯವರು ಏನೆಂದರೋ ನನಗೆ ಹೇಳಲಿಲ್ಲ. “ಮೇಡಂ, ನಾನಿನ್ನು ಯಾರಿಗೂ ಏನೂ ಹೇಳ್ಕೊಡಲ್ಲ” ಎಂದಷ್ಟೇ ಹೇಳಿ ಹೋದಳು. ಎರಡನೆಯ ಸೆಮಿಸ್ಟರಿನಲ್ಲಿ ಜಗಲಿ ಖಾಲಿ. ಊಟದ ಮೇಲೆ ಒಬ್ಬೊಬ್ಬರೂ ಒಂದೊಂದು ಮೂಲೆ ಹಿಡಿದು ತಮ್ಮ ತಮ್ಮ ಮೊಬೈಲು ನೋಡುತ್ತಾ ಕೂರುತ್ತಿದ್ದರು. ಕೂಡಿ ಓದಿ ಎಂದು ಹೇಳಲು ನನಗೂ ಬಾಯಿ ಬರಲಿಲ್ಲ.

ಹಾಸ್ಟೆಲ್ ಬಿಟ್ಟ ದಿನ ಹಟ್ಟಿ ಹುಡುಗಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಟ್ರಂಕನ್ನು ಹೊರಲು ಅವಳಣ್ಣ ಬಂದಿದ್ದ. ನನ್ನನ್ನು ಕಂಡು ಕೈಮುಗಿದು, “ಫೇಲಾಗಿರೋದ್ನ ಮತ್ತೆ ಬರೀಬೋದಂತೆ ಅಲ್ವಾ ಮೇಡಂ?” ಎಂದು ಕೇಳಿದ. ಬರೆಯಬಹುದು ಎಂದೆ. ನನ್ನ ಟಿಪ್ಪಣಿಗಳನ್ನೆಲ್ಲ ಕಳಿಸಿಕೊಡುತ್ತೇನೆ, ಫೋನಿನಲ್ಲಿ ಹೇಳಿಕೊಡುತ್ತೇನೆ, ನೀನು ಮನೆಯಲ್ಲಿದ್ದೇ ಓದಬಹುದು ಎಂದು ಅವಳಿಗೆ ಒಂದೇ ಉಸಿರಿನಲ್ಲಿ ಹೇಳುತ್ತಾ ಹೋದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು. ಹುಳಿಯಾರಿನ ಬಸ್ಸು ಬಂದು ನಿಂತಿತು, ಅವಳಣ್ಣ ಟ್ರಂಕನ್ನು ಮೇಲೇರಿಸಿದ.

“ಓದೋದು ಓದ್ತೀನಿ ಮೇಡಂ. ಥಿಯರೀಲಿ ನಾನು ಪಾಸಾಗಿದ್ದೀನಲ್ಲ” ಎಂದಳು. “ಬ್ಯೂರೆಟ್ಟು ಎಲ್ಲಿಂದ ತರ್ಲಿ?”